ಚಿಟ್ಟೆ ಅರೆಯುವವನ ಹೆಂಡತಿ

ರೇಷ್ಮೆಹುಳದ ಮೊಟ್ಟೆ ತಯಾರಿಸುವ ಮಾಗಡಿಯ ಬಿತ್ತನೆ ಕೋಠಿಯಲ್ಲಿ ಹದಿನೇಳು ವರ್ಷ ನನ್ನದು ಒಂದೇ ಕೆಲಸ. ಮೊಟ್ಟೆಯಿಟ್ಟ ತಾಯಿ ರೇಷ್ಮೆಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಾಯಿಯಿಂದ ಮೊಟ್ಟೆಗೆ ಹರಡುವ ಗಂಟು ರೋಗದ ಒಂದೇ ಒಂದು ಕಣ ಕಂಡರೂ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ರೇಷ್ಮೆಗೆ ಒಳ್ಳೆಯ ಕಾಲ, ಮನೆಮನೆಯಲ್ಲೂ ಹುಳ. ಸುತ್ತಲಿನ ಊರುಗಳ ಬೆಳೆಯೆಲ್ಲ ನನ್ನ ಕಣ್ಣಿನ ಮೇಲೆ ನಿಂತಿತ್ತು. ಆ ಜಂಬವೇ ನನ್ನ ಹೆಂಡತಿ ಮಾಯಮ್ಮನನ್ನು ಕೊಂದಿತು.

ತೊಂಬತ್ತಾರರಲ್ಲಿ ಅವಳಿಗೆ ಕೆಮ್ಮು, ಸಂಜೆ ಜ್ವರ, ಕಫದಲ್ಲಿ ರಕ್ತದೆಳೆ. ಮೊದಲ ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ರಕ್ತ ಕೊಟ್ಟು ಬಂದೆವು. ದೇಹವು ತನ್ನ ರಕ್ತನಾಳಗಳನ್ನೇ ತಿನ್ನುವ ಕಾಯಿಲೆಗೆ ಮಾಡುವ ಪರೀಕ್ಷೆಯಂತೆ, ಪಾಸಿಟಿವ್ ಬಂತು. ಅಲ್ಲಿಯವರು ಸ್ಟೆರಾಯ್ಡ್ ಬರೆದುಕೊಟ್ಟರು.

ಚೀಟಿಯನ್ನು ಮಾಗಡಿಯ ಡಾಕ್ಟರ್ ಅಖ್ತರಿ ಅವರಿಗೆ ತೋರಿಸಿದೆ.

"ಇದು ಕ್ಷಯದಲ್ಲೂ ಪಾಸಿಟಿವ್ ಬರುತ್ತೆ ಪುಟ್ಟಲಿಂಗಯ್ಯ. ಇವರ ಮೂತ್ರ, ಕಿಡ್ನಿ ಎಲ್ಲ ಚೆನ್ನಾಗಿದೆ. ಚೀಟಿಯೊಂದನ್ನೇ ನಂಬಬೇಡಿ. ಇವತ್ತು ಕೊಟ್ಟಿರೋ ಕಫ ಇನ್ನೊಮ್ಮೆ ಪರೀಕ್ಷೆಗೆ ಕಳಿಸ್ತೀನಿ, ಎಂಟು ದಿನ ಕಾಯಿರಿ. ಅಲ್ಲೀವರೆಗೆ ಆ ಮಾತ್ರೆ ಬೇಡ, ಕ್ಷಯ ಇದ್ರೆ ಅದರಿಂದ ಒಳಗೊಳಗೇ ಹಬ್ಬಿಬಿಡುತ್ತೆ."

"ಪಾಸಿಟಿವ್ ಬಂದ್ಮೇಲೆ ಇನ್ನೇನ್ ಕಾಯಾದು ಡಾಕ್ಟ್ರಮ್ಮ? ನಾವಾಗಿದ್ರೆ ಆವತ್ತೇ ಸುಟ್ಟಾಕ್ಬುಡ್ತೀವಿ."

"ತಪ್ಪಿ ಸುಟ್ರೆ ನಿಮಗೆ ಹೋಗೋದೇನು?"

"ಒಂದ್ ಚಿಟ್ಟೆ ಮೊಟ್ಟೆ, ಅಷ್ಟೇಯ" ಎಂದು ಎದ್ದುಬಂದೆ.

ಬಸ್ಸಿನಲ್ಲಿ ಮಾಯಮ್ಮ, "ಎಂಟ್ ದಿನ ತಾನೇ, ಕಾಯಾನ ಕಣಿ" ಎಂದಳು.

"ಸುಮ್ಕಿರು, ನಿಂಗೇನ್ ಗೊತ್ತಾಯ್ತದೆ" ಎಂದು ಗದರಿದೆ.

ಮಾತ್ರೆ ನುಂಗಿದ ವಾರದಲ್ಲೇ ಜ್ವರ ಬಿಟ್ಟಿತು. ಎರಡು ಮುದ್ದೆ ಉಂಡಳು, ಮುಖ ತುಂಬಿಕೊಂಡಿತು. ಡಾಕ್ಟರಮ್ಮನಿಂದ ಕಾರ್ಡು ಬಂತು: ಕೂಡಲೇ ಕರೆದುಕೊಂಡು ಬನ್ನಿ. ಗುಣವಾದ ಮೇಲೆ ಇದೆಂಥದು ಎಂದು ನಕ್ಕು ಸೂರಿಗೆ ಸಿಕ್ಕಿಸಿದೆ.

ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಉಸಿರೆಳೆಯಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೊತ್ತು ತಂದೆ.

"ಕಾರ್ಡು ಸೇರಲಿಲ್ವಾ?" ಎಂದರು ಡಾಕ್ಟರಮ್ಮ.

"ಸೇರ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಕ್ಸಿಜನ್ ಹಾಕಿಸಿ, ನನ್ನನ್ನು ಒಳಗೆ ಕರೆದು, ಎಂಟನೆಯ ದಿನ ಪರೀಕ್ಷೆಯಿಂದ ಬಂದಿದ್ದ ಅವಳ ಕಫದ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಕಣ್ಣಿಟ್ಟೆ. ನೀಲಿಯ ನಡುವೆ ಕ್ಷಯದ ಕೆಂಪು ಕಡ್ಡಿಗಳು, ಸರಿಸಿದಲ್ಲೆಲ್ಲ. ಇಷ್ಟು ಸ್ಪಷ್ಟವಾಗಿ ರೋಗ ಕಂಡದ್ದು ನನ್ನ ಹದಿನೇಳು ವರ್ಷದಲ್ಲಿ ಇಲ್ಲ.

ಹೊರಗೆ ಬಂದಾಗ ಮಾಯಮ್ಮ ಮೂಗಿನ ನಳಿಗೆ ಸರಿಸಿ ಕೇಳಿದಳು, "ಏನ್ ಕಾಣ್ತು?"

"ಏನೂ ಇಲ್ಲ ಕಣೆ. ಒಸಿ ಕಸ ಅಷ್ಟೇಯ."

ನನ್ನ ಕಣ್ಣು ತಪ್ಪುವುದಿಲ್ಲ ಎಂದು ಅವಳಿಗೆ ಮೊದಲಿನಿಂದಲೂ ನಂಬಿಕೆ. ಹಾಗೆ ನಂಬಿಕೊಂಡೇ ಮೂರನೆಯ ದಿನ ಹೋದಳು.