ಮುದಕಪ್ಪ ಹೊತ್ತ ಮಣ್ಣು

ನಮ್ಮ ಪುಟ್ಟ ಸಂಸ್ಥಾನಕ್ಕೂ ಸವದತ್ತಿ ಕಡೆಯ ಇಂಗ್ರೇಜಿ ಮುಲೂಕಿಗೂ ನಡುವೆ, ಮಲಪ್ರಭೆಯ ದಂಡೆಗೆ, ನನ್ನ ಎಂಟು ಕೂರಿಗೆ ಎರಿ ಹೊಲ. ಇಂಗ್ರೇಜಿ ಸಾಹೇಬನಿಗೆ ಅಲ್ಲಿ ಹೊಳೆಗೆ ಒಡ್ಡು ಕಟ್ಟಬೇಕಿತ್ತಂತೆ. ಜಗಳಾಡಿ ಕಸಿದುಕೊಳ್ಳಲಿಲ್ಲ, ಜಾಣ. ರಾಜರ ಹೆಸರಿನಲ್ಲಿ ಆಳುವ ನಮ್ಮ ಕಾರಭಾರಿಗೆ ಚಿನ್ನದ ಗಡಿಯಾರ ಕಳಿಸಿದ, ರಾವಸಾಹೇಬ ಪದವಿಯ ಆಸೆ ತೋರಿಸಿದ. ನಮ್ಮ ಉಪ್ಪುಂಡ ಆ ಭಾಡ್ಯಾ ಮರುದಿನವೇ, ಗಡಿ ಎಲ್ಲಿದೆಯೋ ಅನುಮಾನ ಎಂದ!

ನಾನು ಗುರವ್ವ. ಪ್ಲೇಗು ನನ್ನ ಗಂಡನನ್ನು ಒಯ್ದಿತು, ಬಾಯಿಯನ್ನು ಬಿಟ್ಟಿತು. ಚಾವಡಿಗೆ ಹೋಗಿ ಕೂಗಿದೆ: “ಕಾಗದಾ ಗೀಗದಾ ನನಗ ಬ್ಯಾಡ್ರಿ. ತಳವಾರ ಮುದಕಪ್ಪ ತಲಿಮ್ಯಾಲ ಮಣ್ಣ ಹೊತ್ತು ಗಡಿ ನಡೀಲಿ. ಅಂವ ಸುಳ್ಳ ನಡಿಯಂಗಿಲ್ಲ.”

ಕಾರಭಾರಿ ಕೂಡಲೇ ಒಪ್ಪಿದ. ಆಗಲೇ ನನಗೆ ತಿಳಿಯಬೇಕಿತ್ತು.

ಎಲ್ಲಮ್ಮನ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಂಡು ಮಣ್ಣು ಹೊತ್ತವನು ನಡೆದದ್ದೇ ಗಡಿ, ಅದು ನಮ್ಮ ವಾಡಿಕೆ. ಅವನು ನಡೆಯುವಾಗ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಸುಳ್ಳು ನಡೆದವನು ಆರು ತಿಂಗಳೊಳಗೆ ಸಾಯುತ್ತಾನೆ. ಸತ್ತರೆ ಆ ಗಡಿ ರದ್ದು, ಮತ್ತೊಬ್ಬ ನಡೆಯಬೇಕು.

ಮುದಕಪ್ಪ ಬನ್ನಿಗಿಡದವರೆಗೆ ನೆಟ್ಟಗೆ ಬಂದ. ಅಲ್ಲಿಂದ ಹೊಳೆಗೆ ಇಳಿಯಬೇಕಾದವನು ಊರ ಕಡೆ ತಿರುಗಿ, ನನ್ನ ಹೊಲವನ್ನು ಇಂಗ್ರೇಜಿ ಕಡೆಗೆ ಬಿಟ್ಟು ನಡೆದ. ಕೂಗಲು ಬಾಯಿ ತೆರೆದೆ. ಆದರೂ ಎಲ್ಲರಂತೆ ಹಲ್ಲು ಕಚ್ಚಿ ಅವನ ಹಿಂದೆ ನಡೆದೆ. ಅವನ ಮಗ ಪರಸಪ್ಪನಿಗೆ ಸಾಹೇಬನ ಕಚೇರಿಯಲ್ಲಿ ಪಟ್ಟೇವಾಲನ ನೌಕರಿ ಸಿಕ್ಕದ್ದು ಆಮೇಲೆ ಗೊತ್ತಾಯಿತು.

ಅಂದಿನಿಂದ ಅವನ ಸಾವಿಗೆ ದಿನ ಎಣಿಸಿದೆ. ನಾಚಿಕೆ ಏನು ಬಂತು, ಎಣಿಸಿದೆ. ಅವನಿಗೆ ನೆಗಡಿ ಬಂದರೂ ಎಲ್ಲಮ್ಮನಿಗೆ ಕೈಮುಗಿದೆ.

ಆರನೆಯ ತಿಂಗಳ ಕಡೆಯ ದಿನ ಮಧ್ಯಾಹ್ನ ಅವನೇ ನನ್ನ ಬಾಗಿಲಿಗೆ ಬಂದು ನಿಂತ.

“ಅವ್ವಾರ, ಹುಡುಗನ ಹೊಟ್ಟಿ ತುಂಬತೈತಿ, ನಾ ಸತ್ರ ನಿಮ್ಮ ಹೊಲಾ ನಿಮಗ ತಿರಗಿ ಬರತೈತಿ ಅಂದಕೊಂಡಿದ್ನಿರಿ. ಸಾವ ಬರವಲ್ದು. ಬಾವಿ ಹಾರಲೇನ್ರಿ?”

ಬೇಡ ಎನ್ನಲು ಎಷ್ಟು ಹೊತ್ತು ತೆಗೆದುಕೊಂಡೆನೋ, ಆ ಶಿವನಿಗೇ ಗೊತ್ತು. ಅವನು ನನ್ನ ಮುಖ ನೋಡುತ್ತಲೇ ನಿಂತಿದ್ದ.

“ಹಾರಿ ಸತ್ರ ಅದು ದೇವಿ ಕೊಟ್ಟ ಸಾವಲ್ಲ ಅಂತಾನ ಆ ಕಾರಭಾರಿ,” ಎಂದೆ. “ಮನಿಗೆ ಹೋಗೋ, ಖೋಡಿ.”

ಮರುದಿನ ಸಾಹೇಬನ ಆಳುಗಳು ನನ್ನ ಹೊಲದ ಈಚೆ ಬದುವಿನಲ್ಲಿ ಗಡಿಕಲ್ಲು ಹುಗಿಯಲು ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಓಣಿಯಲ್ಲಿ ಮುದಕಪ್ಪನ ಕೆಮ್ಮು ಕೇಳಿಸಿತು. ಇನ್ನೂ ಬದುಕಿದ್ದಾನಲ್ಲಾ ಎಂದು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ.