ಮನೆ ಮಗಳ ಹದಿನೆಂಟು ಕೋಣೆಗಳು

ಹಾಸಿಗೆಯ ಮೂಲೆಯನ್ನು ಮೊಣಕಾಲಿನಿಂದ ಎತ್ತಿ ಹಿಡಿದು, ಬಿಳಿ ಚಾದರವನ್ನು ಅಡಿಗೆ ತುರುಕುವಾಗ ಚೇತನಾಳ ಎಡಗೈ ಮಣಿಕಟ್ಟು ದಿನಾ ಚಳಕ್ಕೆನ್ನುತ್ತಿತ್ತು. ಒಂದು ಕೋಣೆಗೆ ಇಪ್ಪತ್ತನಾಲ್ಕು ನಿಮಿಷ. ಅಷ್ಟರಲ್ಲಿ ಎರಡು ಹಾಸಿಗೆ, ಬಚ್ಚಲು, ಕನ್ನಡಿ, ಕಸದ ಬುಟ್ಟಿ ಮುಗಿಯಬೇಕು. ದಿನಕ್ಕೆ ಹದಿನೆಂಟು ಕೋಣೆ. ಬಚ್ಚಲಿಗೆ ಹೊಡೆಯುವ ಔಷಧಿಗೆ ಅಂಗೈ ಬಿರುಕು ಬಿಟ್ಟು, ಅನ್ನ ಕಲಸುವಾಗ ಉರಿಯುತ್ತಿತ್ತು.

ವಿಮಾನ ನಿಲ್ದಾಣದ ಪಕ್ಕದ, ಡೆಸ್ ಪ್ಲೇನ್ಸ್ ಎಂಬ ಹೊರದೇಶದ ಊರಿನ ಆ ಹೋಟೆಲಿನ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಮೊದಲ ವಾರ ಕಿಟಕಿಗೆ ಹೋಗಿ ನೋಡಿದ್ದಳು. ಏಳು ತಿಂಗಳಾಯಿತು. ಈಗ ತಲೆ ಎತ್ತುತ್ತಿರಲಿಲ್ಲ.

ಅವಳು ಕಲಿಯಲು ಬಂದವಳು. ಕಾಗದದಲ್ಲಿ ಹಾಗೇ ಇತ್ತು. ಇಂಟರ್ನ್, ಒಂದು ವರ್ಷ. ಮೊದಲ ಆರು ತಿಂಗಳು ಫ್ರಂಟ್ ಡೆಸ್ಕ್, ಆಮೇಲೆ ಊಟದ ಹಾಲ್, ಆಮೇಲೆ ಆಫೀಸು. ಕೋಣೆ ಶುಚಿ ಮಾಡುವುದು ಕಡೆಯ ಎರಡು ವಾರ ಮಾತ್ರ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಾವಾಗಲೂ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದಳು.

ಹೋಟೆಲಿನ ಮಾಲೀಕರು ಗುರುಶಾಂತಪ್ಪ. ಹುಬ್ಬಳ್ಳಿಯ ಇವಳ ಕಾಲೇಜಿಗೆ ಬಂದು, ವೇದಿಕೆ ಮೇಲೆ ನಿಂತು, "ನಮ್ಮ ಮಕ್ಕಳನ್ನ ನಾವು ಬೆಳಸಲಿಲ್ಲಂದ್ರ ಯಾರು ಬೆಳಸ್ತಾರ್ರೀ?" ಎಂದು ಕೇಳಿದ್ದರು. ಇಲ್ಲಿ ವಿಮಾನ ಇಳಿದಾಗ ತಾವೇ ಕಾರು ತಂದಿದ್ದರು. ಕಾರಿನಲ್ಲಿ ಬುತ್ತಿ ಇತ್ತು. ಹೆಂಡತಿ ಜಯದೇವಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಚೇತನಾಳ ಕಣ್ಣು ತುಂಬಿತು.

"ಥ್ಯಾಂಕ್ಯೂ ಸರ್."

"ಸರ್ ಅನಬ್ಯಾಡವಾ. ಅಂಕಲ್ ಅನ್ನು. ನೀ ನಮ್ಮನಿ ಮಗಳಿದ್ದಂಗ."

ಅಂಕಲ್ ಎಂದಳು. ಅಂದಿನಿಂದ ಗಟ್ಟಿಸಿ ಕೇಳುವ ಬಾಯಿ ಕಟ್ಟಿಹೋಯಿತು.

"ಅಂಕಲ್, ಫ್ರಂಟ್ ಡೆಸ್ಕಿಗೆ ಯಾವಾಗ ಹಾಕ್ತೀರಿ?"

"ಮನಿ ಮಂದಿ ಮನ್ಯಾಗ ತಾರೀಖು ಕೇಳ್ತಾರೇನವಾ?"

"ಅಂಕಲ್, ಕೈ ಭಾಳ ನೋಯಾಕತ್ತೈತ್ರಿ."

"ನಿಮ್ಮ ಆಂಟಿಗೆ ಹೇಳ್ತೀನಿ, ಎಣ್ಣಿ ಕೊಡ್ತಾಳ."

ಆಂಟಿ ಎಣ್ಣೆ ಕೊಟ್ಟರು. ರಜೆಯ ಭಾನುವಾರ ಮನೆಗೆ ಕರೆಸಿಕೊಂಡು ಕೊಟ್ಟರು. ಅಡುಗೆಮನೆಯಲ್ಲಿ ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಯಿಂದ ತಂದ ಜೋಳದ ಹಿಟ್ಟಿನ ಚೀಲವೂ ಕಾದಿತ್ತು. ಊಟಕ್ಕೆ ನಲವತ್ತು ಮಂದಿ. ಚೇತನಾ ನೂರಿಪ್ಪತ್ತು ರೊಟ್ಟಿ ಬಡಿದಳು. ಬಂದವರು ಬಿಸಿ ರೊಟ್ಟಿ ಮುರಿಯುತ್ತ, "ಇಂಟರ್ನ್ ಹುಡುಗೀರನ್ನ ಸ್ವಂತ ಮಕ್ಕಳ ಥರ ನೋಡ್ಕೋತಾರೆ ಕಣ್ರೀ" ಎಂದರು. ಸ್ವಂತ ಮಗಳು ತನಿಷಾ ಮೇಲಿನ ಕೋಣೆಯಲ್ಲಿ ಓದಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಹಿಟ್ಟಿಗೆ ಕರೆಯಲಿಲ್ಲ.

ಚೇತನಾಳ ಜೊತೆಗೆ ಲಾಂಡ್ರಿ ಪಕ್ಕದ ಕೋಣೆಯಲ್ಲಿದ್ದ ಇನ್ನೊಬ್ಬ ಇಂಟರ್ನ್ ಲಿನ್. ಚೀನಾದ ಕಡಲ ದಂಡೆಯ ಶಿಯಾಮೆನ್ ಊರಿನವಳು. ತೊಳೆಯಲು ಎರಡನೇ ಮಹಡಿ ಚೇತನಾಳದು, ಮೂರನೆಯದು ಲಿನ್‌ಳದು. ಇಬ್ಬರ ನಡುವೆ ಹರಕುಮುರುಕು ಇಂಗ್ಲಿಷು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇಬ್ಬರಿಗೂ ಕಪ್ಪು ಕೋಟು ಬಂತು. ಹೆಸರಿನ ಬಿಲ್ಲೆಯೂ ಬಂತು. ವೀಸಾ ಮಾಡಿಸಿದ ಸಂಸ್ಥೆಯಿಂದ ತಪಾಸಣೆಗೆ ಬರುತ್ತಾರೆ, ಇವತ್ತು ಫ್ರಂಟ್ ಡೆಸ್ಕಿನಲ್ಲಿ ನಿಲ್ಲಿ ಎಂದು ಅಪ್ಪಣೆಯಾಯಿತು.

ಲಿನ್ ಗುಂಡಿ ಹಾಕಿಕೊಳ್ಳುತ್ತ ಹೇಳಿದಳು: "ನಮ್ಮೂರಲ್ಲಿ ನಾನಿದ್ದ ಹೋಟೆಲಿಗೂ ಹೊರದೇಶದ ಇಂಟರ್ನ್ ಒಬ್ಬಳು ಬಂದಿದ್ದಳು. ಕೀನ್ಯಾದವಳು. ಏನೂ ಕಲಿಸ್ತಿರಲಿಲ್ಲ. ದೊಡ್ಡವರು ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೀತಿದ್ರು. ಎದುರಿಗೇ ಸಮುದ್ರ, ಅವಳಿಗೆ ನೋಡೋಕೆ ಬಿಡುವಿರಲಿಲ್ಲ. ನಾವು ಅವಳನ್ನ ಬೊಂಬೆ ಅಂತ ಕರೆದು ನಗ್ತಿದ್ವಿ."

"ಆಮೇಲೆ?"

"ಆಮೇಲೇನು? ಇವತ್ತು ನಾನು ಬೊಂಬೆ."

ತಪಾಸಣೆಗೆ ಬಂದ ಹೆಂಗಸು ಕೈ ಕುಲುಕಿದಳು. ಚೇತನಾಳ ಅಂಗೈ ತಾಗಿದಾಗ ಒಂದು ಗಳಿಗೆ ತಡೆದಳು. ಅಷ್ಟರಲ್ಲಿ ಒಬ್ಬ ಗಿರಾಕಿ ಪೆಟ್ಟಿಗೆ ಎಳೆದುಕೊಂಡು ಬಂದು ಕೋಣೆ ಕೇಳಿದ. ಚೇತನಾ ಕಂಪ್ಯೂಟರ್ ನೋಡಿದಳು. ಏನು ಒತ್ತಬೇಕೆಂದು ತಿಳಿಯಲಿಲ್ಲ. ಗುರುಶಾಂತಪ್ಪ ನಡುವೆ ಬಂದು, "ಹುಡುಗಿಗೆ ನಾಚಿಕೆ" ಎಂದು ಇಂಗ್ಲಿಷಿನಲ್ಲಿ ನಕ್ಕು, ತಾವೇ ಅವನಿಗೆ ಕೋಣೆ ಕೊಟ್ಟರು.

ಹೆಂಗಸು ಇಬ್ಬರ ಮುಂದೆಯೂ ಒಂದೊಂದು ಹಾಳೆ ಇಟ್ಟಳು. ಫ್ರಂಟ್ ಡೆಸ್ಕಿನ ತರಬೇತಿ ಮುಗಿದಿದೆ, ನನಗೆ ತೃಪ್ತಿಯಾಗಿದೆ ಎಂದು ಅಚ್ಚಾಗಿತ್ತು. ಅದರ ಕೆಳಗೆ ಅನಿಸಿಕೆಗೆ ಐದು ಗೆರೆ. ಅದರ ಕೆಳಗೆ ಸಹಿ.

"ಸೈನ್ ಹಾಕವಾ." ಗುರುಶಾಂತಪ್ಪನವರ ಮುಖದಲ್ಲಿ ನಗು ಹಾಗೇ ಇತ್ತು, ಮಾತು ಮಾತ್ರ ಕನ್ನಡಕ್ಕೆ ಬಂದಿತ್ತು. "ಸೈನ್ ಇಲ್ಲಂದ್ರ ವೀಸಾ ಉಳಿಯೂದಿಲ್ಲ, ಊರಿಗೆ ಹೋಗಬೇಕಾಕ್ಕೈತಿ. ಮುಂದಿನ ಬ್ಯಾಚಿನ್ಯಾಗ ನಿನ್ನ ತಂಗಿ ಭಾನು ಹೆಸರೂ ಬರದೀನಿ. ಮನಿ ಮಾತು ಮನ್ಯಾಗ ಇರ್ಲಿ."

ಪೆನ್ನು ಎತ್ತಿಕೊಂಡಿದ್ದ ಚೇತನಾ ಕೈ ತಡೆದಳು. ಭಾನು ಪ್ರತಿ ವಾರ ಫೋನಿನಲ್ಲಿ ಕೇಳುತ್ತಿದ್ದಳು: "ಅಕ್ಕಾ, ಅಂಕಲ್ ಛಲೋ ಅದಾರಲ್ಲ?" ಇವಳು ಪ್ರತಿ ಸಲವೂ ಹೂಂ ಎಂದಿದ್ದಳು. ಆ ಹೂಂ ನಂಬಿಯೇ ಹುಡುಗಿ ಪಾಸ್‌ಪೋರ್ಟ್ ಮಾಡಿಸಿದ್ದಳು.

"ಸರ್," ಎಂದಳು ಚೇತನಾ.

ಗುರುಶಾಂತಪ್ಪನವರ ನಗು ಅರ್ಧಕ್ಕೆ ನಿಂತಿತು. "ಏನಂದಿ?"

"ಸರ್ ಅಂದೀನ್ರಿ. ನೀವು ಮಾಲೀಕರು, ನಾ ಕಲಿಯಾಕ ಬಂದಾಕಿ. ಅಂಕಲ್ ಅಂದಿದ್ದು ನಂದ ತಪ್ಪು."

"ನನ್ನ ಮನಿ ರೊಟ್ಟಿ ತಿಂದು..."

"ಬಡದಾಕೀನೂ ನಾನ ಅಲ್ರೀ, ಸರ್."

ಹೆಂಗಸಿಗೆ ಕನ್ನಡ ತಿಳಿಯಲಿಲ್ಲ, ಧ್ವನಿ ತಿಳಿಯಿತು. ಏನು ನಡೆಯುತ್ತಿದೆ ಎಂದು ಕೇಳಿದಳು. ಚೇತನಾ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಅವಳ ಮುಂದಿಟ್ಟಳು. ಅದರ ಪಕ್ಕದಲ್ಲಿ ಎರಡೂ ಅಂಗೈಯನ್ನು ಮೇಲ್ಮುಖವಾಗಿ ಇಟ್ಟಳು.

ಹೆಂಗಸು ಓದಿದಳು. ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೀನು ಬರೆದು ಕೊಟ್ಟರೆ ವಿಚಾರಣೆ ಮಾಡಲೇಬೇಕಾಗುತ್ತದೆ. ಆದರೆ ಬೇರೆ ಹೋಟೆಲ್ ಸಿಗದಿದ್ದರೆ ದೇಶ ಬಿಡಬೇಕಾದವಳು ನೀನೇ. ಇವರು ಇಲ್ಲೇ ಇರುತ್ತಾರೆ. ಗೊತ್ತಿದೆಯಲ್ಲ?"

"ಗೊತ್ತಿದೆ."

ಸಹಿಯ ಜಾಗವನ್ನು ಹಾಗೇ ಬಿಟ್ಟು ಐದು ಗೆರೆಗಳಿಗೆ ಬಂದಳು. ಇಂಗ್ಲಿಷು ತಪ್ಪಾದೀತೆಂಬ ಅಂಜಿಕೆ. ಅದಕ್ಕೆ ಅಂಕಿ ಬರೆದಳು. 201, 202, 203. ನಿನ್ನೆ ತೊಳೆದ ಹದಿನೆಂಟು ಕೋಣೆಗಳು. ಆಮೇಲೆ ಮೊನ್ನೆಯವು. ಐದು ಗೆರೆ ತುಂಬಿತು, ಅಂಚು ತುಂಬಿತು.

"ಸಾಕು, ನಿಲ್ಲಸು!" ಎಂದರು ಗುರುಶಾಂತಪ್ಪ.

ಚೇತನಾ ಹಾಳೆ ಮಗುಚಿ ಹಿಂಬದಿಯಲ್ಲಿ ಮುಂದುವರಿಸಿದಳು.

ಲಿನ್‌ಗೆ ಯಾರೂ ಏನೂ ಹೇಳಲಿಲ್ಲ. ಅವಳು ಕೋಟು ಬಿಚ್ಚಿ, ಟವೆಲ್ ಮಡಚುವ ಹಾಗೆ ಮೂರು ಮಡಿಕೆ ಮಾಡಿ ಕೌಂಟರಿನ ಮೇಲಿಟ್ಟಳು. ತನ್ನ ಹಾಳೆಯನ್ನು ಹತ್ತಿರ ಎಳೆದುಕೊಂಡು, ಮೊದಲ ಗೆರೆಯ ಮೇಲೆ 301 ಎಂದು ಬರೆದಳು.