ಬಾಡಿಗೆ ದುಡ್ಡಿನ ಇಲಿಗಳು

ಬಿಳಿಯರ ಸೀಮೆಗೆ ಹೋಗಿ ಏಳು ಸಮುದ್ರ ಕುಡ್ದಷ್ಟು ಓದ್ಕೊಂಡು ಬಂದ ಗಂಡ. ಮೈಮೇಲೆ ಕರೀ ಕೋಟು, ಕೈಲಿ ಸತ್ತ ಇಲಿಗಳ ಬುಟ್ಟಿ! ಅಡೋಲೆಗೆ ಮೊದ್ಲು ನಗೂನೇ ಬಂತು.

"ಏನ್ರೀ, ಸಾರಿಗಾ ಇವು?"

"ಬಾಯ್ಮುಚ್ಚೇ. ನಮ್ಮ ಬಾಡಿಗೆ ದುಡ್ಡು ಇವು," ಅಂದ ಡಾಕ್ಟರ್ ಲಾಂಪ್ಟೆ.

ಅಕ್ರಾ ಪಕ್ಕದ ಆ ಮೀನುಗಾರರ ಊರಲ್ಲಿ ಸರ್ಕಾರಿ ಡಾಕ್ಟ್ರು ಇಬ್ರು. ಬಿಳಿ ಡಾಕ್ಟ್ರು ಪೆಲ್‌ಹ್ಯಾಮ್‌ಗೆ ಗುಡ್ಡದ್ಮೇಲೆ ಬಂಗ್ಲೆ, ಹೊತ್ಕೊಂಡು ಹೋಗೋಕೆ ನಾಲ್ಕಾಳು ಬೇಕಾಗೋಷ್ಟು ಸಂಬಳ. ಕರೀ ಡಾಕ್ಟ್ರು ಲಾಂಪ್ಟೆಗೆ ಅದ್ರಲ್ಲಿ ಅರ್ಧ, ಅದೂ ಮೂಗು ಮುರ್ಕೊಂಡು ಕೊಡೋದು. ಬಂಗ್ಲೆ ಇಲ್ದಿದ್ದಕ್ಕೆ ಒಂದಿಷ್ಟು ಬಾಡಿಗೆ ದುಡ್ಡು ಬರ್ತಿತ್ತು. ಇವ್ನು ಇದ್ದದ್ದು ಅತ್ತೆ ಮನೇಲಿ ಪುಕ್ಸಟ್ಟೆ, ದುಡ್ಡು ಹಾಗೇ ಉಳೀತಿತ್ತು.

ಈಗ ಪೆಲ್‌ಹ್ಯಾಮ್, ಆ ಅತ್ತೆ ಮನೆಗೇ ಗೋಡೆ ಅಂಟಿದ ಪಾಳು ಸರ್ಕಾರಿ ಬಂಗ್ಲೆಗೆ ಸುಣ್ಣ ಹೊಡ್ಸಿ, "ಇನ್ಮೇಲೆ ಅಲ್ಲಿರು, ಬಾಡಿಗೆ ದುಡ್ಡು ಬಂದ್" ಅಂದ್ಬಿಟ್ಟಿದ್ದ. ಅದಕ್ಕೇ ಈ ಇಲಿ. ಪ್ಲೇಗಿನ ಕಾಲ ಬೇರೆ. ಬಂಗ್ಲೇಲಿ ಇಲಿ ಸತ್ತು ಬಿದ್ದಿವೆ ಅಂದ್ರೆ ಯಾರಿಗೆ ತಾನೆ ಅಲ್ಲಿರು ಅಂತಾರೆ?

ಅಡೋಲೆ ನಗು ಅಲ್ಲಿಗೇ ನಿಂತೋಯ್ತು. ಮೊನ್ನೆ ಮೊನ್ನೆ ದಂಡೆ ಕಡೆ ಬೀದೀಲಿ ಇಲಿ ಬಿದ್ದಾಗ ಇವ್ನೇ ನಿಂತು ಸೀಮೆಎಣ್ಣೆ ಸುರಿಸಿದ್ದ. ಇಲಿ ಬಿದ್ದ ಮನೆ, ಅದಕ್ಕಂಟಿದ ಮನೆ, ಎಲ್ಲಾ ಬೂದಿ. ಆ ಸುಟ್ಟ ಬಲೆ ವಾಸ್ನೆ ಅವಳ ಬಟ್ಟೆಯಿಂದ ಇನ್ನೂ ಹೋಗಿರ್ಲಿಲ್ಲ.

"ಇಲಿ ಸತ್ತ ಮನೇನ ನೀವೇನ್ಮಾಡ್ತೀರಿ, ನೆನಪಿದ್ಯಾ?"

"ಅದು ಮೀನುಗಾರರಿಗೆ ಕಣೇ. ಸರ್ಕಾರ ತನ್ನ ಬಂಗ್ಲೆ ತಾನೇ ಸುಟ್ಕೊಳ್ಳುತ್ತಾ?"

ಅವ್ಳ ತಾಯಿ ಅಕೋಶಿಯಾ ಒಲೆ ಮುಂದೆ ಕೂತು ಜೋಳದ ಹಿಟ್ಟು ಕಲಸ್ತಿದ್ಲು. ಆ ಒಲೆ ಮೇಲೆ ಕೆಂಕಿ ಅನ್ನೋ ಹುಳಿ ಹಿಟ್ಟಿನ ಉಂಡೆ ಬೇಯಿಸಿ ಮಾರಿ ಮಾರಿ, ಗಂಡ ಸತ್ಮೇಲೆ ಮಕ್ಕಳನ್ನ ಸಾಕಿ, ಈ ಅಳಿಯನ್ನ ಸೀಮೆಗೆ ಕಳ್ಸೋಕೂ ಕಾಸು ಹಾಕಿದ್ದವ್ಳು. "ಅಳಿಯಂದ್ರು ಇಲಿ ಬೇಟೆಗೆ ಇಳ್ದವ್ರಾ? ಬೆಕ್ಕಿಗೆ ಸಂಬಳ ಕೊಡ್ಸಪ್ಪ!" ಅಂತ ಕೆಮ್ಮಿ ಕೆಮ್ಮಿ ನಕ್ಕಳು.

ರಾತ್ರಿ ಇಲಿಗಳು ಬಂಗ್ಲೆ ಸೇರಿದ್ವು. ಬೆಳಗ್ಗೆ ಪೆಲ್‌ಹ್ಯಾಮ್ ಬಂದ. ಬಂಗ್ಲೆ ಒಳಗೆ ಕಾಲಿಟ್ಟಷ್ಟೇ ವೇಗದಲ್ಲಿ ಹೊರಗೆ ಹಾರ್ದ. ಮೂಗಿಗೆ ಕಟ್ಟಿದ ಬಟ್ಟೆ ಟೊಪ್ಪಿಗಿಂತ ದೊಡ್ಡದಿತ್ತು. "ಬಾಡಿಗೆ ದುಡ್ಡು ಮುಂದುವರೀಲಿ," ಅಂದ. ಲಾಂಪ್ಟೆ ಹೆಂಡ್ತಿ ಕಡೆ ತಿರುಗಿ ಮೀಸೆ ಮೇಲೆ ಕೈ ಎಳ್ದ.

ಆಮೇಲೆ ಪೆಲ್‌ಹ್ಯಾಮ್ ಕೂಲಿಯವ್ನಿಗೆ ಸನ್ನೆ ಮಾಡ್ದ. ಅವ್ನು ಕೆಂಪು ಬಣ್ಣದ ಡಬ್ಬ ತಂದು ಬಂಗ್ಲೆ ಬಾಗ್ಲಿಗೆ ಗುರುತು ಬಳ್ದ. ನಡ್ಕೊಂಡು ಬಂದು ಅಕೋಶಿಯಾ ಬಾಗ್ಲಿಗೂ ಬಳ್ದ. ಬಣ್ಣ ಹೊಸ್ತಿಲ ಮೇಲೆ ತೊಟ್ಟಿಕ್ತು. ಮರುಭೂಮಿ ಕಡೆಯಿಂದ ಒಣ ಗಾಳಿ ಬೀಸ್ತಾ ಇತ್ತು, ಸೂರಿನ ಹುಲ್ಲು ಸರಸರ ಅಂತಿತ್ತು.

"ಏಯ್, ನನ್ನ ಬಾಗ್ಲಿಗೆ ಯಾಕೋ?" ಅಂದ್ಲು ಮುದುಕಿ. ಯಾರೂ ನಗ್ಲಿಲ್ಲ.

"ನಿಮಗೆ ಗೊತ್ತಿರೋ ಕಾಯ್ದೆ ಡಾಕ್ಟ್ರೇ," ಅಂದ ಪೆಲ್‌ಹ್ಯಾಮ್. "ನಿಮ್ಮ ಬೀದಿ, ನೀವೇ ನಿಂತು ಸುಡ್ಸಿ." ಕೂಲಿಯವ್ನು ಒಂದು ಡಬ್ಬಿ ಸೀಮೆಎಣ್ಣೆ ತಂದಿಟ್ಟ.

ಅಡೋಲೆ ಗಂಡನ ಕೋಟಿನ ತೋಳು ಹಿಡ್ದು, ಕಿವೀಲಿ ಅಂದ್ಲು: "ಹೇಳ್ಬಿಡ್ರೀ. ಇಲಿ ನಾನೇ ಹಾಕ್ದೆ ಅಂತ ಹೇಳ್ಬಿಡ್ರೀ. ಕೆಲ್ಸ ಹೋದ್ರೆ ಹೋಗ್ಲಿ, ಅವ್ವ ಕೆಂಕಿ ಮಾರಿ ನಮ್ಮಿಬ್ರನ್ನೂ ಸಾಕ್ತಾಳೆ."

ದಂಡೆ ಬೀದಿಯವ್ರು ಸುಟ್ಟ ಗೋಡೆಗಳ ಸಂದಿಯಿಂದ ಬಂದು ಸುತ್ತ ನಿಂತಿದ್ರು, ಲಾಂಪ್ಟೆ ಬಾಯನ್ನೇ ನೋಡ್ತಾ. ಒಬ್ಬ ಮೀನುಗಾರ ಸುಮ್ನೆ ಕೈಕಟ್ಕೊಂಡಿದ್ದ.

"ಒಂದು ಡಬ್ಬಿ ಸಾಲೋದಿಲ್ಲ," ಅಂದ ಲಾಂಪ್ಟೆ, ಕೂಲಿಯವ್ನ ಕಡೆ ನೋಡದೇ. "ಇನ್ನೊಂದು ಡಬ್ಬಿ ಸೀಮೆಎಣ್ಣೆ ತಗೊಂಬಾ."

ಅಡೋಲೆ ತೋಳು ಬಿಟ್ಲು. ಒಳಗೋಗಿ ಒಲೆ ಮೇಲಿಂದ ಕೆಂಕಿ ಪಾತ್ರೆ ಇಳಿಸಿ, ಸಿಂಬೆ ಇಟ್ಟು ತಲೆಗೆ ಏರಿಸ್ಕೊಂಡ್ಲು, ತಾಯಿ ಕೈ ಹಿಡಿದ್ಲು. "ಬಾರವ್ವಾ, ದಂಡೆ ಕಡೆ ಹೋಗೋಣ."

"ಅಳಿಯಂದ್ರು?"

"ಅವ್ರಿಗೆ ಬಾಡಿಗೆ ದುಡ್ಡು ಬರುತ್ತವ್ವಾ," ಅಂದ್ಲು ಅಡೋಲೆ. ಜನ ಎರಡು ಪಾಲಾಗಿ ಇಬ್ರಿಗೂ ದಾರಿ ಬಿಟ್ರು. ಅವ್ರು ದಾಟಿದ್ಮೇಲೆ ಮತ್ತೆ ಮುಚ್ಕೊಂಡು, ಲಾಂಪ್ಟೆ ಸುತ್ತ ಇನ್ನೂ ಹತ್ರಕ್ಕೆ ಬಂದ್ರು.